ರಾತ್ರಿಯಿಡೀ ಹಳಹಳಿಸಿದ ಯಂತ್ರ

ಇಸ್ಪೀಟಿನ ಕಟ್ಟಿನಿಂದ ಮೂರು ಎಲೆ ಎಳೆದರೆ ಒಟ್ಟು 22,100 ಬಗೆಯ ಕೈ ಬರಬಹುದು. ಮೂರೂ ಎಕ್ಕ, ಮೂರೂ ರಾಜ, ಮೂರೂ ಏಳು, ಹೀಗೆ ಒಂದೇ ಎಲೆ ಮೂರು ಸಲ ಕೂಡುವ ಟ್ರಯಲ್ ಅದರಲ್ಲಿ 52. ಒಂದೇ ಬಣ್ಣದಲ್ಲಿ ಸಾಲಾಗಿ ಕೂಡುವ ಪ್ಯೂರ್ ಎಷ್ಟು? 48! ನೀವೇ ಎಣಿಸಿ: ಎಕ್ಕ-ಎರಡು-ಮೂರರಿಂದ ಹಿಡಿದು ರಾಣಿ-ರಾಜ-ಎಕ್ಕದವರೆಗೆ ಹನ್ನೆರಡು ಸಾಲು, ಅದಕ್ಕೆ ನಾಲ್ಕು ಬಣ್ಣ, ನಲವತ್ತೆಂಟು. ಅಂದರೆ ಹೆಚ್ಚು ಅಪರೂಪದ್ದು ಪ್ಯೂರ್. ಆದರೆ ದಾವಣಗೆರೆಯ ಮಂಡಿಪೇಟೆಯಲ್ಲಿ ಕೂತರೂ ಅಷ್ಟೇ, ನಿಟುವಳ್ಳಿಯಲ್ಲಿ ಕೂತರೂ ಅಷ್ಟೇ, ಹೊಳೆ ದಂಡೆಯ ಹರಿಹರಕ್ಕೆ ಹೋಗಿ ಕೂತರೂ ಅಷ್ಟೇ, ಟ್ರಯಲ್ ದೊಡ್ಡದು, ಪ್ಯೂರ್ ಅದರ ಕೆಳಗೆ. ಅಜ್ಜಂದಿರ ಕಾಲದಿಂದ ಯುಗಾದಿಗೆ ಚಾಪೆ ಹಾಸಿ ಮೂರೆಲೆ ಆಡುತ್ತ ಬಂದಿದ್ದೇವೆ, ಒಬ್ಬರಾದರೂ ತಕರಾರು ತೆಗೆದಿದ್ದಾರಾ?

ಈ ಎಳೆ ಹಿಡಿದು ಹೊರಟರೆ ಅದು ಎಲ್ಲಿಗೆ ಕರೆದೊಯ್ಯುತ್ತದೆ ಗೊತ್ತೆ! ಮೂರೆಲೆ ಬಿಟ್ಟು ಅದರ ದಾಯಾದಿ ಆಟವಾದ ಪೋಕರಿಗೆ ಬನ್ನಿ. ಅಲ್ಲಿ ಕೈಗೆ ಐದು ಎಲೆ, ಕೈಗಳ ಬಗೆ 25,98,960. ಮೂರೆಲೆಯಲ್ಲಿ ಸಾಲು, ಅಂದರೆ ರನ್, 720 ಬಗೆ, ಬರೀ ಬಣ್ಣ ಕೂಡುವ ಕಲರ್ 1,096. ಹಾಗಾಗಿ ರನ್ ದೊಡ್ಡದು, ಅದು ಸರಿಯಾಗಿಯೇ ಇದೆ. ಐದೆಲೆಯಲ್ಲಿ ಕಲರ್ 5,108, ರನ್ 10,200. ಎರಡೇ ಎಲೆ ಹೆಚ್ಚಿದ್ದಕ್ಕೆ ಸಿಂಹಾಸನವೇ ಅದಲುಬದಲು! ಅಲ್ಲಿ ಕಲರ್ ಬಂದರೆ ರನ್ ಸೋಲುತ್ತದೆ. ಮೂರೆಲೆಯಲ್ಲಿ ಪಳಗಿದ ಕೈ ಅದೇ ನೆನಪು ಹೊತ್ತು ಪೋಕರಿಗೆ ಕೂತರೆ ಮೊದಲ ಸುತ್ತಿಗೇ ಜೇಬು ಖಾಲಿ.

ಕಟ್ಟನ್ನೇ ಬದಲಿಸಿ ಆಟವನ್ನು ಹೊಸದಾಗಿಸುವ ಹುಚ್ಚು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಲೆಗಳನ್ನು ಹಿಡಿದು ಕೂತು ಹೊಸ ಹೊಸ ಆಟ ಕಟ್ಟಿದರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರವಿದೆ. ಒಂದು ಕಟ್ಟಿನಲ್ಲಂತೂ 360 ಎಲೆ. ಅಷ್ಟನ್ನು ಕಲಸುವ ಕೈ ಯಾವುದೋ, ಯಾವ ಎಲೆ ಹೋಯಿತು ಎಂದು ನೆನಪಿಡುವ ತಲೆ ಯಾವುದೋ!

ಇಲ್ಲೊಂದು ಗೆರೆ ಎಳೆಯಬೇಕು. ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲದ ಅಂದರ್ ಬಾಹರ್ ಇದೆಯಲ್ಲ, ಅದರಲ್ಲಿ ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ಶೇ. 51.5. ಅಷ್ಟೇ, ಕತೆ ಮುಗಿಯಿತು. ಅದರಲ್ಲಿ ಯಾರೂ ಜಾಣರಾಗಲು ಸಾಧ್ಯವಿಲ್ಲ, ನೂರು ವರ್ಷ ಆಡಿದರೂ ಕಲಿಯಲು ಏನೂ ಇಲ್ಲ. ಪೋಕರಿನಲ್ಲಿ ಹಾಗಲ್ಲ. ಜಗತ್ತಿನಲ್ಲಿ ಹೆಚ್ಚು ಆಡುವ ಟೆಕ್ಸಾಸ್ ಹೋಲ್ಡೆಮ್ ಬಗೆಯಲ್ಲಿ ನಿಮ್ಮ ಕೈಯಲ್ಲಿ ಎರಡು ಎಲೆ ಗುಟ್ಟು, ನಡುವೆ ಐದು ಎಲೆ ಎಲ್ಲರಿಗೂ ಕಾಣುವಂತೆ, ದುಡ್ಡು ಕಟ್ಟುವುದಕ್ಕೆ ನಾಲ್ಕು ಸುತ್ತು. ಗುಟ್ಟು ಇದೆ, ಅದರ ಮೇಲೆ ತೀರ್ಮಾನವಿದೆ. ಗುಟ್ಟು ಮತ್ತು ತೀರ್ಮಾನ ಎರಡೂ ಇರುವ ಆಟದಲ್ಲಿ ಒಬ್ಬ ಸ್ವಲ್ಪ ಚೆನ್ನಾಗಿ ಆಡಲು ಕಲಿತರೆ ಸಾಕು, ಉಳಿದವರೆಲ್ಲರ ಹಳೆಯ ಜಾಣತನ ಅವತ್ತೇ ಹಳಸುತ್ತದೆ.

ಸುಪ್ರೀಂ ಕೋರ್ಟು ಕೂಡ ಈ ಗೆರೆ ಎಳೆದಿದೆ. 1967ರ ಕೊನೆಯಲ್ಲಿ, ಆಂಧ್ರದ ಸತ್ಯನಾರಾಯಣ ಮೊಕದ್ದಮೆಯಲ್ಲಿ, ರಮ್ಮಿ ಮುಖ್ಯವಾಗಿ ಚಾತುರ್ಯದ ಆಟ, ಮೂರೆಲೆಯಂತೆ ಬರೀ ಅದೃಷ್ಟದ್ದಲ್ಲ ಎಂದಿತು. ರಮ್ಮಿಯ ಮಾತು ಒಪ್ಪೋಣ. ಆದರೆ ಕೈಯಲ್ಲಿ ಎರಡು-ನಾಲ್ಕು-ಒಂಬತ್ತು ಹಿಡಿದು, ಮುಖದಲ್ಲಿ ಒಂದು ಗೆರೆ ಅಲುಗಿಸದೆ ನಾಲ್ಕು ಜನರನ್ನು ಪ್ಯಾಕ್ ಮಾಡಿಸುವವರನ್ನು ಆ ನ್ಯಾಯಮೂರ್ತಿಗಳು ನೋಡಿರಲಿಲ್ಲವೇನೋ ಎಂಬುದು ನನ್ನ ಗುಮಾನಿ.

ಈಗ ಆಟ ಮುಗಿದ ಮೇಲಿನ ಗದ್ದಲ ಕೇಳಿಸಿಕೊಳ್ಳಿ. ಯುಗಾದಿಯ ಚಾಪೆಯೇ ಇರಲಿ, ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಮೊಣಕಾಲ ಮೇಲೆ ಟವೆಲ್ ಹರವಿ ಆಡುವ ಪಾಸಿನವರ ಗುಂಪೇ ಇರಲಿ, ಮಾತು ಒಂದೇ. 'ಲೇ, ಆ ರಾಣಿ ಒಗೀಬಾರ್ದಿತ್ತು ನೋಡು.' 'ಅವನ ಹತ್ರ ಏನೂ ಇರ್ಲಿಲ್ಲಪಾ, ಬರೀ ಹೆದರಿಸಿದ.' 'ಇನ್ನೊಂದ್ ಚಾಲ್ ಹಾಕಿದ್ರೆ ಅಷ್ಟೂ ನಂದೇ ಆಗ್ತಿತ್ತು.' ಹೀಗೆ ಮಾಡಿದ್ದರೆ, ಹಾಗೆ ಮಾಡಿದ್ದರೆ ಎಂಬ ಹಳಹಳಿ. ಮನೆಯ ಹೆಂಗಸರು ಬೈಯುವುದು ಇದಕ್ಕೇ: ಆಡಿದ್ದು ಮುಗೀತಲ್ಲ, ಇನ್ನೇನು ವಟವಟ?

ಆ ವಟವಟದಲ್ಲಿ ಏನು ಅಡಗಿದೆ ಎಂದು ತಿಳಿದರೆ ಮೈ ಜುಮ್ಮೆನ್ನುತ್ತದೆ. ಕಂಪ್ಯೂಟರು ಪೋಕರನ್ನು ಗೆದ್ದದ್ದು ಇದರಿಂದಲೇ! ಚೆಸ್ ಗೆದ್ದ ಹಾಗೆ ಮುಂದಿನ ನಡೆಗಳನ್ನು ಎಣಿಸಿ ಅಲ್ಲ. ಹಳಹಳಿಸಿ, ಹಳಹಳಿಯನ್ನು ಪೈಸೆ ಪೈಸೆ ಲೆಕ್ಕ ಬರೆದು.

ಅದು ಹೇಗೆ ಎಂದು ಕಣ್ಣಾರೆ ಕಾಣಲು ಕಂಪ್ಯೂಟರು ಬೇಡ, ಒಂದು ಹಿಡಿ ಹುಣಸೆ ಬೀಜ ಸಾಕು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಹೆರಾಲ್ಡ್ ಕೂನ್ ಎಂಬ ಗಣಿತಜ್ಞ 1950ರಲ್ಲಿ ಪುಟ್ಟ ಪೋಕರ್ ಕಟ್ಟಿದ. ಕಟ್ಟಿನಿಂದ ಒಂದು ರಾಜ, ಒಂದು ರಾಣಿ, ಒಂದು ಗುಲಾಮ ತೆಗೆಯಿರಿ, ಉಳಿದದ್ದನ್ನು ಒಳಗಿಡಿ. ಇಬ್ಬರು ಎದುರುಬದುರು ಕೂತು ನಡುವೆ ಒಂದೊಂದು ಬೀಜ ಇಡಬೇಕು. ಒಬ್ಬೊಬ್ಬರಿಗೆ ಒಂದು ಎಲೆ, ಮೂರನೆಯದು ಕವುಚಿ ಬದಿಗೆ. ಮೊದಲನೆಯವರು ಇನ್ನೊಂದು ಬೀಜ ಹಾಕಬಹುದು, ಇಲ್ಲವೇ ಸುಮ್ಮನಿರಬಹುದು. ಸುಮ್ಮನಿದ್ದರೆ ಎರಡನೆಯವರಿಗೆ ಅದೇ ಆಯ್ಕೆ. ಒಬ್ಬರು ಹಾಕಿದರೆ ಇನ್ನೊಬ್ಬರು ಅಷ್ಟೇ ಹಾಕಿ ಶೋ ಮಾಡಿಸಬೇಕು, ಇಲ್ಲ ಪ್ಯಾಕ್ ಆಗಬೇಕು. ಆಟ ಇಷ್ಟೇ. ಎರಡನೇ ತರಗತಿಯ ಮಗುವೂ ಆಡಬಹುದು.

ನೀವು ಎರಡನೆಯವರು ಅನ್ನಿ. ಎದುರಿನವರು ಸುಮ್ಮನಿದ್ದಾರೆ. ನಿಮ್ಮ ಕೈಯಲ್ಲಿ ರಾಜ ಇದ್ದರೆ ಯೋಚಿಸುವುದೇನಿದೆ, ಬೀಜ ಹಾಕುತ್ತೀರಿ. ಗುಲಾಮ ಇದ್ದರೆ? ಶೋ ಆದರೆ ಸೋಲು ಖಂಡಿತ. ಬೀಜ ಹಾಕಿ ಹೆದರಿಸಬಹುದು. ಎಷ್ಟು ಸಲ ಹೆದರಿಸಬೇಕು? ಇದು ಎದೆಗಾರಿಕೆಯ ಪ್ರಶ್ನೆ, ಅವರವರ ಸ್ವಭಾವದ ಪ್ರಶ್ನೆ ಎಂದೇ ನಾವೆಲ್ಲ ನಂಬಿದ್ದೇವೆ. ಅಲ್ಲ! ಅದಕ್ಕೆ ಉತ್ತರವಿದೆ: ಮೂರು ಸಲಕ್ಕೆ ಒಂದು ಸಲ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಯಾಕೆ ಎಂದು ಎದುರು ಕೂತವರ ಕಡೆಯಿಂದ ನೋಡಿ. ಅವರ ಕೈಯಲ್ಲಿ ರಾಣಿ. ಅಂಥ ಹನ್ನೆರಡು ಆಟದಲ್ಲಿ ನಿಮಗೆ ಆರು ಸಲ ರಾಜ, ಆರು ಸಲ ಗುಲಾಮ ಬಂದಿದೆ ಎಂದುಕೊಳ್ಳಿ. ರಾಜನ ಮೇಲೆ ಆರು ಸಲ ಬೀಜ ಹಾಕಿದಿರಿ, ಗುಲಾಮನ ಮೇಲೆ ಎರಡು ಸಲ. ಒಟ್ಟು ಎಂಟು ಸಲ. ಎಂಟೂ ಸಲ ಅವರು ಪ್ಯಾಕ್ ಆದರೆ ಎಂಟು ಬೀಜ ಹೋಯಿತು. ಎಂಟೂ ಸಲ ಶೋ ಮಾಡಿಸಿದರೆ ರಾಜನೆದುರು ಆರು ಸಲ ಎರಡೆರಡು ಬೀಜ, ಅಂದರೆ ಹನ್ನೆರಡು ಹೋಯಿತು, ಗುಲಾಮನೆದುರು ಎರಡು ಸಲ ಎರಡೆರಡು, ಅಂದರೆ ನಾಲ್ಕು ಬಂತು. ಲೆಕ್ಕ ತೆಗೆದರೆ ಮತ್ತೆ ಎಂಟೇ ನಷ್ಟ! ಅವರು ಏನು ಮಾಡಿದರೂ ಅಷ್ಟೇ. ನಿಮ್ಮ ಮುಖ ಓದಲಿ, ಬಿಡಲಿ, ಮೈಲಾರಲಿಂಗನಿಗೆ ಹರಕೆ ಹೊರಲಿ, ಎಂಟಕ್ಕಿಂತ ಕಡಿಮೆ ಕಳೆದುಕೊಳ್ಳುವ ದಾರಿಯೇ ಇಲ್ಲ. ಇನ್ನೊಂದು ಸೋಜಿಗ ಕೇಳಿ. ಇಬ್ಬರೂ ಒಂಚೂರೂ ತಪ್ಪದೆ ಆಡಿದರೆ ಮೊದಲು ಆಡುವವರು ಹದಿನೆಂಟು ಆಟಕ್ಕೆ ಸರಾಸರಿ ಒಂದು ಬೀಜ ಸೋಲುತ್ತಾರೆ. ಮೊದಲು ಬಾಯಿ ಬಿಡಬೇಕಾದವರ ಕರ್ಮ.

ಮೂರರಲ್ಲಿ ಒಂದು ಸಲ ಎಂದರೆ ಪ್ರತಿ ಮೂರನೇ ಸಲ ಅಲ್ಲ, ಹಾಗೆ ಮಾಡಿದರೆ ಎದುರಿನವರು ಎಣಿಸಿಬಿಡುತ್ತಾರೆ. ಯಾವಾಗ ಹೆದರಿಸುತ್ತೀರಿ ಎಂದು ನಿಮಗೇ ಗೊತ್ತಿರಬಾರದು. ಪೋಕರಿನ ದೊಡ್ಡ ಆಟಗಾರ ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕದಲ್ಲಿ ಒಂದು ಉಪಾಯ ಕೊಟ್ಟಿದ್ದಾನೆ: ಕೈಗಡಿಯಾರದ ಸೆಕೆಂಡಿನ ಮುಳ್ಳು ನೋಡು. ಮುಳ್ಳು ಮೊದಲ ಇಪ್ಪತ್ತು ಸೆಕೆಂಡಿನೊಳಗೆ ಇದ್ದರೆ ಹೆದರಿಸು, ದಾಟಿದ್ದರೆ ಬೇಡ. ಎಂಥ ಮಾತು! ನಿಮ್ಮ ಸುಳ್ಳನ್ನು ನೀವಲ್ಲ, ಗಡಿಯಾರ ತೀರ್ಮಾನಿಸುತ್ತದೆ.

ಕೂನನ ಮೂರು ಎಲೆಗೆ ಇದೆಲ್ಲ ಕಾಗದದ ಮೇಲೆ ಲೆಕ್ಕ ಬಿಡಿಸಬಹುದು. ಐವತ್ತೆರಡು ಎಲೆಗೆ? ಅಲ್ಲಿಗೆ ಬಂದದ್ದೇ ಹಳಹಳಿಯ ಖಾತೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಒಂದು ವಿಧಾನ ಬರೆದರು. ಕಂಪ್ಯೂಟರಿಗೆ ಆಟದ ನಿಯಮ ಮಾತ್ರ ಹೇಳಿಕೊಡಿ, ತಂತ್ರ ಒಂದೂ ಬೇಡ. ಅದು ತನ್ನ ಜೊತೆ ತಾನೇ ಆಡಲಿ. ಪ್ರತಿ ಆಟದ ನಂತರ ಪ್ರತಿ ತಿರುವಿನಲ್ಲೂ ಕೇಳಿಕೊಳ್ಳಲಿ: ಇಲ್ಲಿ ಪ್ಯಾಕ್ ಆದೆ, ಶೋ ಮಾಡಿಸಿದ್ದರೆ ಎಷ್ಟು ಹೆಚ್ಚು ಬರುತ್ತಿತ್ತು? ರಾಣಿ ಹಿಡಿದು ಗುಲಾಮನೆದುರು ಪ್ಯಾಕ್ ಆಗಿದ್ದರೆ ಒಂದು ಬೀಜ ಹೋಗಿದೆ, ಶೋ ಮಾಡಿಸಿದ್ದರೆ ಎರಡು ಬರುತ್ತಿತ್ತು, ಖಾತೆಯಲ್ಲಿ ಹಳಹಳಿ ಮೂರು ಎಂದು ಬರೆ. ರಾಜನೆದುರು ಪ್ಯಾಕ್ ಆಗಿದ್ದರೆ ಒಂದು ಉಳಿಯಿತು, ಮೂರರಲ್ಲಿ ಒಂದು ಕಳೆ. ಮುಂದಿನ ಸಲ ಯಾವ ನಡೆಗೆ ಹಳಹಳಿ ಹೆಚ್ಚು ಬಾಕಿಯಿದೆಯೋ ಅದನ್ನು ಆ ಬಾಕಿಯ ಪ್ರಮಾಣದಲ್ಲಿ ಹೆಚ್ಚು ಆಡು. ಮುಗಿಯಿತು, ವಿಧಾನ ಇಷ್ಟೇ! ಚಾಪೆಯ ಮೇಲಿನ ನಮ್ಮವರು ಮಾಡುವುದೂ ಇದನ್ನೇ. ಒಂದೇ ವ್ಯತ್ಯಾಸ: ನಾವು ಹಳಹಳಿಸಿ ಊಟಕ್ಕೆ ಏಳುತ್ತೇವೆ, ಅದು ಬರೆದಿಟ್ಟುಕೊಳ್ಳುತ್ತದೆ. ಮತ್ತೆ ನಾವು ಸೋತದ್ದಕ್ಕೆ ಮಾತ್ರ ಹಳಹಳಿಸುತ್ತೇವೆ. ಅದು ಗೆದ್ದ ಆಟದಲ್ಲೂ, ಇನ್ನೂ ಹೆಚ್ಚು ಬರಬಹುದಿತ್ತಲ್ಲ ಎಂದು ಹುಡುಕುತ್ತದೆ.

2015ರ ಜನವರಿಯಲ್ಲಿ ಅದೇ ಆಲ್ಬರ್ಟಾದ ಮೈಕೆಲ್ ಬೌಲಿಂಗ್ ತಂಡ, ಇಬ್ಬರು ಆಡುವ, ದುಡ್ಡಿಗೆ ಮಿತಿಯಿರುವ ಹೋಲ್ಡೆಮ್ ಆಟವನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿದ್ದೇವೆ ಎಂದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಅವರ ಯಂತ್ರದ ಹೆಸರು ಸೆಫಿಯಸ್. 4,800 ಪ್ರೊಸೆಸರುಗಳು 68 ದಿನ ಹಳಹಳಿಸಿದವು. ಒಂದೇ ಪ್ರೊಸೆಸರ್ ಆಗಿದ್ದರೆ 900 ವರ್ಷ ಬೇಕಿತ್ತು. ಹರಿಹರೇಶ್ವರನ ಗುಡಿ ಕಟ್ಟಿದ್ದು ಹೊಯ್ಸಳರ ಕಾಲದಲ್ಲಿ, 1224ರಲ್ಲಿ. ಗುಡಿ ಏಳುವುದಕ್ಕೂ ನೂರು ವರ್ಷ ಮೊದಲು ಶುರು ಮಾಡಿದ್ದರೆ ಈಗ ಮುಗಿಯುತ್ತಿತ್ತು, ಅಷ್ಟು ಕೆಲಸ!

ಆದರೆ ಅದು ಮಿತಿಯಿದ್ದ ಆಟ. ಎಷ್ಟು ಬೇಕಾದರೂ ಕಟ್ಟಬಹುದಾದ ಆಟದಲ್ಲಿ, ಇಬ್ಬರೇ ಆಡಿದರೂ, ತೀರ್ಮಾನದ ತಿರುವುಗಳು ಒಂದರ ಮುಂದೆ 161 ಸೊನ್ನೆ ಇಟ್ಟಷ್ಟು. ಅದಕ್ಕೆ ಖಾತೆ ಬರೆಯಲು ಜಗತ್ತಿನ ಪರಮಾಣುಗಳೂ ಸಾಲವು. ಅದೇ 2015ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕ್ಲಾಡಿಕೊ ಎಂಬ ಪ್ರೋಗ್ರಾಮು ನಾಲ್ವರು ಆಟಗಾರರ ಕೈಯಲ್ಲಿ ಸೋತಿತ್ತು. ಎರಡು ವರ್ಷ ಕಳೆಯಿತು. 2017ರ ಜನವರಿ 11ರಂದು ಪಿಟ್ಸ್‌ಬರ್ಗಿನ ರಿವರ್ಸ್ ಕ್ಯಾಸಿನೊದಲ್ಲಿ ಅದೇ ವಿಶ್ವವಿದ್ಯಾಲಯದ ಟುಮಾಸ್ ಸಾಂಡ್‌ಹೋಮ್ ಮತ್ತು ಅವರ ಶಿಷ್ಯ ನೋಮ್ ಬ್ರೌನ್ ಹೊಸ ಯಂತ್ರ ಲಿಬ್ರೇಟಸ್ ತಂದು ಕೂರಿಸಿದರು. ಎದುರಿಗೆ ಜೇಸನ್ ಲೆಸ್, ಡಾಂಗ್ ಕಿಮ್, ಡೇನಿಯಲ್ ಮೆಕಾಲೆ, ಜಿಮ್ಮಿ ಚೌ. ಇಪ್ಪತ್ತು ದಿನ, 1,20,000 ಆಟ.

ನಾಲ್ವರೂ ಸಂಜೆ ಕೂಡಿ ಅವತ್ತಿನ ಆಟ ಹರಡಿಕೊಂಡು ಯಂತ್ರದ ಬಿರುಕು ಹುಡುಕುತ್ತಿದ್ದರು. ಇಷ್ಟು ಕಟ್ಟಿದರೆ ತಡವರಿಸುತ್ತದೆ, ನಾಳೆ ಅದನ್ನೇ ಹೊಡೆಯೋಣ. ಬೆಳಗಾಗುವಷ್ಟರಲ್ಲಿ ಆ ಬಿರುಕು ಇರುತ್ತಿರಲಿಲ್ಲ! ಹಗಲು ತಾನು ಮೊದಲೇ ಎಣಿಸಿರದ ಮೊತ್ತ ಯಾವುದನ್ನು ಎದುರಿನವರು ಹೆಚ್ಚಾಗಿ ಕಟ್ಟಿದರು ಎಂದು ನೋಡಿ, ಲಿಬ್ರೇಟಸ್ ರಾತ್ರಿ ಸೂಪರ್ ಕಂಪ್ಯೂಟರಿನಲ್ಲಿ ಅದೊಂದನ್ನೇ ಹಿಡಿದು ಲೆಕ್ಕ ಹಾಕಿ ಸೇರಿಸಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ನನ್ನನ್ನು ಬೆರಗಾಗಿಸಿದ್ದು ಇದು: ಅದು ಆ ನಾಲ್ವರ ದೌರ್ಬಲ್ಯ ಹುಡುಕಲೇ ಇಲ್ಲ. ಲೆಸ್ ಯಾವಾಗ ಹೆದರುತ್ತಾನೆ, ಚೌ ಯಾವಾಗ ಉಬ್ಬುತ್ತಾನೆ, ಇದ್ಯಾವುದೂ ಅದಕ್ಕೆ ಬೇಕಿರಲಿಲ್ಲ. ಎದುರಿನವರು ಬೆರಳಿಟ್ಟು ತೋರಿಸಿದ ತನ್ನದೇ ಹರಿದ ಜಾಗವನ್ನು ಪ್ರತಿ ರಾತ್ರಿ ಹೊಲಿದುಕೊಂಡಿತು, ಅಷ್ಟೇ. ಜನವರಿ 30ಕ್ಕೆ ಆಟ ಮುಗಿದಾಗ ಯಂತ್ರ 17,66,250 ಡಾಲರ್ ಬೆಲೆಯ ಬಿಲ್ಲೆಗಳಿಂದ ಮುಂದಿತ್ತು.

ಪುಣ್ಯಕ್ಕೆ ಮನುಷ್ಯರೂ ಕಲಿಯುತ್ತಾರೆ. ಪೋಕರಿನವರಿಗೆ ಬಹುಕಾಲ ಡಾಯ್ಲ್ ಬ್ರನ್ಸನ್ 1978ರಲ್ಲಿ ಹೊರತಂದ ಪುಸ್ತಕವೇ ವೇದ: ಮೇಲೆ ಬಿದ್ದು ಆಡು, ಎದುರಿನವರು ತಾವೇ ಬಿಟ್ಟುಕೊಡುತ್ತಾರೆ. 2003ರಲ್ಲಿ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ (ಹೌದು, ಅದು ಅವನ ನಿಜವಾದ ಹೆಸರೇ!) ಇಂಟರ್‌ನೆಟ್ಟಿನಲ್ಲಿ 86 ಡಾಲರ್ ಕಟ್ಟಿ ಗೆದ್ದು, ಅಲ್ಲಿಂದ ವಿಶ್ವ ಪಂದ್ಯಕ್ಕೆ ಹೋಗಿ 25 ಲಕ್ಷ ಡಾಲರ್ ಹೊತ್ತು ಬಂದ ಮೇಲೆ ಜಗತ್ತೇ ಆಡಲು ಕೂತಿತು. ಆಮೇಲೆ ಹಳಹಳಿಯ ಲೆಕ್ಕ ಹಾಕುವ ಸಾಲ್ವರ್ ಎಂಬ ಸಾಫ್ಟ್‌ವೇರು ಮನೆಯ ಕಂಪ್ಯೂಟರಿಗೇ ಬಂತು. ನಡುವಿನ ದುಡ್ಡಿನ ಅರ್ಧದಿಂದ ಪೂರ್ತಿಯವರೆಗೆ ಕಟ್ಟುವುದು ಮರ್ಯಾದೆ ಎಂದಿದ್ದವರು ಈಗ ಒಮ್ಮೆ ಮೂರನೇ ಒಂದು ಪಾಲು, ಇನ್ನೊಮ್ಮೆ ಎರಡರಷ್ಟು ಕಟ್ಟುತ್ತಾರೆ. ಸಾಲ್ವರನ್ನು ಕೇಳಿದರೆ ಇದನ್ನೇ ಮಾಡು ಎಂದು ಹೇಳುವುದಿಲ್ಲ. ನೂರಕ್ಕೆ ಎಪ್ಪತ್ತು ಸಲ ಇದು, ಮೂವತ್ತು ಸಲ ಅದು ಎನ್ನುತ್ತದೆ. ಮತ್ತೆ ಗಡಿಯಾರದ ಮುಳ್ಳು!

ಹಾಗಂತ ಯಂತ್ರದ ಉತ್ತರ ಕಂಠಪಾಠ ಮಾಡಿ ನಮ್ಮ ಚಾಪೆಗೆ ಬಂದು ಕೂತರೆ ಗತಿಯೇನು? ಯಂತ್ರದ ಲೆಕ್ಕ ಎದುರಿನವರೂ ಪ್ಯಾಕ್ ಆಗಬಲ್ಲರು ಎಂದು ನಂಬಿದೆ. ನಮ್ಮಲ್ಲಿ ಕೆಲವರಿಗೆ ಪ್ಯಾಕ್ ಆಗುವುದೆಂದರೆ ಮೀಸೆ ಬೋಳಿಸಿದ ಹಾಗೆ. ರಾಣಿ ಹಿಡಿದು ಎಲ್ಲ ಸಲವೂ ಶೋ ಮಾಡಿಸುವವರ ಎದುರು ಗುಲಾಮನನ್ನು ಹಿಡಿದು ಮೂರಕ್ಕೊಂದು ಸಲ ಹೆದರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೇ. ಅಲ್ಲಿ ಒಂದು ಸಲವೂ ಹೆದರಿಸಬಾರದು. ಯಂತ್ರದ ಉತ್ತರ ನಿಮ್ಮನ್ನು ಸೋಲದ ಹಾಗೆ ಕಾಯುತ್ತದೆ, ಮುಂದೆ ಕೂತವರು ಎಲ್ಲಿ ಅದರಿಂದ ಸರಿಯುತ್ತಾರೆ ಎಂದು ನೋಡಿ ಹೆಚ್ಚು ಗೆಲ್ಲುವುದು ನಿಮ್ಮ ಕೆಲಸ. ಮುಂದೆ ಕೂತವರು ಬದಲಾದರೆ ಅದನ್ನೂ ಬದಲಿಸಬೇಕು.

2019ರ ಜುಲೈಯಲ್ಲಿ ಇನ್ನೊಂದು ಬೆರಗು. ಆಟಗಾರರು ಮೂವರಾದ ಕೂಡಲೇ ಸೋಲುವುದಿಲ್ಲ ಎಂಬ ಗಣಿತದ ಭರವಸೆ ಹಾರಿಹೋಗುತ್ತದೆ, ಇಬ್ಬರು ಗೊತ್ತಿಲ್ಲದೆಯೇ ಸೇರಿ ಮೂರನೆಯವರನ್ನು ಮುಳುಗಿಸಬಹುದು. ಆದರೂ ಬ್ರೌನ್ ಮತ್ತು ಸಾಂಡ್‌ಹೋಮ್ ಕಟ್ಟಿದ ಪ್ಲೂರಿಬಸ್ ಆರು ಜನರ ಆಟದಲ್ಲಿ ಗೆದ್ದಿತು. ಅದನ್ನು ತಯಾರು ಮಾಡಲು ಬೇಕಾದದ್ದು 64 ಕೋರಿನ ಒಂದು ಸರ್ವರು, ಎಂಟು ದಿನ, 150 ಡಾಲರಿಗಿಂತ ಕಡಿಮೆ ಬಾಡಿಗೆ. ಹಿಂದಿನ ಸುತ್ತಿನಲ್ಲಿ ಸುಮ್ಮನೆ ಹಿಂಬಾಲಿಸಿ, ಮುಂದಿನ ಸುತ್ತಿನಲ್ಲಿ ತಾನೇ ಮೊದಲು ಕಟ್ಟುವುದು ದಡ್ಡರ ನಡೆ ಎಂದು ಪೋಕರಿನ ಹಳಬರು ನಗುತ್ತಿದ್ದರು, ಪಾಠದಲ್ಲೂ ಹಾಗೇ ಹೇಳುತ್ತಿದ್ದರು. ಪ್ಲೂರಿಬಸ್ ಅದನ್ನು ಬೇಕಾದಷ್ಟು ಸಲ ಆಡಿತು. ದಡ್ಡರು ಅಷ್ಟೊಂದು ದಡ್ಡರಾಗಿರಲಿಲ್ಲ!

ನಮ್ಮ ರಾಜ್ಯದಲ್ಲಿ ಇದೆಲ್ಲ ದುಡ್ಡಿನ ವಿಷಯವಾದಾಗ ಬೇರೆಯೇ ಆಟ. ಬೀದಿಯಲ್ಲಿ, ಅಡ್ಡೆಯಲ್ಲಿ ಜೂಜಾಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕಾದಿರುತ್ತದೆ. 2013ರಲ್ಲಿ ಹೈಕೋರ್ಟು ಪೋಕರನ್ನು ಚಾತುರ್ಯದ ಆಟ ಎಂದ ಮೇಲೆ ಬೆಂಗಳೂರಿನಲ್ಲಿ ಪೋಕರ್ ಕ್ಲಬ್ಬುಗಳು ಕಣ್ಣು ಬಿಟ್ಟವು. 2021ರಲ್ಲಿ ಸರ್ಕಾರ ಕಾಯ್ದೆ ತಿದ್ದಿ ಆನ್‌ಲೈನ್ ಪಣದ ಆಟ ನಿಷೇಧಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗ ರದ್ದು ಮಾಡಿತು, 2025ರ ಆಗಸ್ಟಿನಲ್ಲಿ ಸಂಸತ್ತು ಚಾತುರ್ಯವೋ ಅದೃಷ್ಟವೋ ಎಂದು ನೋಡದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಫೋನಿನಲ್ಲಿ ಸಂಬಳ ಕಳೆದುಕೊಂಡ ಮನೆಗಳ ಗೋಳು ಕೇಳಿದವರಿಗೆ ಇದರಲ್ಲಿ ಬೇಸರವೇನೂ ಆಗದು. ಹುಣಸೆ ಬೀಜಕ್ಕೆ ಯಾವ ಕಾಯ್ದೆಯೂ ಇಲ್ಲ.

ಮತ್ತು ಈ ವಿದ್ಯೆಗೆ ದುಡ್ಡು ಬೇಡವೇ ಬೇಡ. ದಾವಣಗೆರೆಯ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಕಂಪ್ಯೂಟರ್ ಓದುವವರು ಕೂನನ ಮೂರೆಲೆ ಆಟಕ್ಕೆ ಹಳಹಳಿಯ ಪ್ರೋಗ್ರಾಮನ್ನು ನೂರು ಸಾಲಿನೊಳಗೆ ಬರೆಯಬಹುದು. ಗಣಿತದ ಆಳ ಬೇಕೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ನರಹರಿಯವರು ಬರೆದ ಆಟಸಿದ್ಧಾಂತದ ಪುಸ್ತಕವಿದೆ. ಪ್ರೋಗ್ರಾಮು ಓಡಿಸಿ ಪರದೆ ನೋಡುತ್ತ ಕೂರಿ. ಶುರುವಿನಲ್ಲಿ ಅದು ಕಣ್ಣು ಮುಚ್ಚಿ ಆಡುತ್ತದೆ, ರಾಜ ಹಿಡಿದೂ ಪ್ಯಾಕ್ ಆಗುತ್ತದೆ. ಸಾವಿರಗಟ್ಟಲೆ ಆಟ ಕಳೆದಂತೆ ರಾಜನನ್ನು ಬಿಡುವುದು ನಿಲ್ಲುತ್ತದೆ. ಆಮೇಲೆ ಎರಡನೆಯವರ ಗುಲಾಮನ ಅಂಕಿ ತೂಗಾಡುತ್ತ 0.4, 0.35, 0.34 ಎಂದು ಸರಿದು 0.33ರ ಹತ್ತಿರ ಬಂದು ನಿಲ್ಲುತ್ತದೆ. ಸುಳ್ಳು ಹೇಳು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಆ ನೂರು ಸಾಲಿನಲ್ಲಿ ಬ್ಲಫ್ ಎಂಬ ಮಾತೇ ಇಲ್ಲ!

ಅಲ್ಲಿಂದ ಮುಂದಕ್ಕೆ ನಮ್ಮದೇ ಆಟ ಕಾದಿದೆ. ಮೂರೆಲೆಯಲ್ಲಿ ಎಲೆ ನೋಡದೆ ಬ್ಲೈಂಡ್ ಆಡುವವರು ನೋಡಿದವರ ಅರ್ಧ ಕಟ್ಟಿದರೆ ಸಾಕು. ಎಷ್ಟು ಸುತ್ತಿನವರೆಗೆ ನೋಡದೆ ಕೂರುವುದು ಲಾಭ, ಪಕ್ಕದವರು ನೋಡಿಬಿಟ್ಟರೆ ಆ ಲೆಕ್ಕ ಎಷ್ಟು ಜಾರುತ್ತದೆ, ಐವರ ಬದಲು ಮೂವರೇ ಉಳಿದರೆ ಏನು? ಪ್ರತಿಯೊಬ್ಬರೂ ತಮ್ಮ ಮಾವನಿಂದಲೋ ಅಣ್ಣನಿಂದಲೋ ಕಲಿತ ಒಂದೊಂದು ಉತ್ತರ ಹೇಳುತ್ತಾರೆ, ಅದಕ್ಕಾಗಿ ಜಗಳಕ್ಕೂ ನಿಲ್ಲುತ್ತಾರೆ. ಇಬ್ಬರ ಮೂರೆಲೆಯಿಂದ ಶುರು ಮಾಡಿದರೆ ಒಂದು ಮಾಮೂಲಿ ಲ್ಯಾಪ್‌ಟಾಪೇ ಇದಕ್ಕೆ ಸಾಕು.